ನಮ್ಮ ಮನೆಗೆ ಸೋಲಾರ್ ಹೊಂದುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಸೋಲಾರ್ ಅಂದರೆ ಕರೆಂಟ್ ಉತ್ಪಾದಿಸುವ ಪ್ಯಾನೆಲ್. ನೀರು ಕಾಯಿಸುವ ಹೀಟರ್ ಅಲ್ಲ. ಯಾವ ಕಂಪನಿಯದ್ದು ಒಳ್ಳೇದು ಅನ್ನುವ ಚರ್ಚೆಯೂ ಇಲ್ಲಿಲ್ಲ. ಅದಕ್ಕೂ ಮೊದಲು ಕೇಳಬೇಕಾದ್ದು, ಈ ಮನೆಗೆ ಇದು ಬೇಕಾ, ಹೊಂದುತ್ತಾ ಅಂತ. ಕರ್ನಾಟಕದ ಬೇರೆ ಬೇರೆ ಊರಿನವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಅವರದೇ ಮಾತಲ್ಲಿ ಹಾಕಿದ್ದೇನೆ. ನಿಮಗೆ ಬೇಕಾದ್ದನ್ನು ಮಾತ್ರ ಓದಿ.

## ಮೊದಲು ಬಿಲ್ ನೋಡಿ

ಗೃಹಜ್ಯೋತಿ ಇರೋದ್ರಿಂದ ನಮಗೆ ಸೊನ್ನೆ ಬಿಲ್ ಬರುತ್ತೆ. ಆದ್ರೂ ಹಾಕಿಸಬೇಕಾ?

ಸದ್ಯಕ್ಕೆ ಬೇಡ. ಸೋಲಾರ್‌ನ ಲಾಭ ಅಂದರೆ ನೀವು ಕಟ್ಟುತ್ತಿದ್ದ ಬಿಲ್ ಉಳಿಯುವುದು. ಕಟ್ಟುತ್ತಲೇ ಇಲ್ಲ ಅಂದಮೇಲೆ ಉಳಿಯುವುದು ಏನು? ಮಾರುವವರು ಈ ಮಾತು ಹೇಳಲ್ಲ, ತಾರಸಿ ನೋಡಿ "ಸೂಪರ್ ಜಾಗ ಸಾರ್" ಅಂತಾರೆ. ಆದರೆ ಗೃಹಜ್ಯೋತಿ 2023ರಲ್ಲಿ ಬಂದಮೇಲೆ, ತಿಂಗಳಿಗೆ 100-150 ಯೂನಿಟ್ ಬಳಸುವ ಮನೆಗೆ ಲೆಕ್ಕವೇ ಬದಲಾಗಿದೆ.

ಯೋಚಿಸಬೇಕಾದವರು ಗಡಿಯಲ್ಲಿರುವ ಮನೆಯವರು. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಲ್ಲ. ಬೇಸಿಗೆಯಲ್ಲಿ ಎಸಿ ಓಡಿಸಿ ಪ್ರತಿ ವರ್ಷ ಮೂರು ನಾಲ್ಕು ತಿಂಗಳು ದಾಟುತ್ತಿದ್ದೀರಿ, ಇನ್ನೊಂದು ವರ್ಷದಲ್ಲಿ ಎಲೆಕ್ಟ್ರಿಕ್ ಸ್ಕೂಟರೋ ಕಾರೋ ಬರುತ್ತೆ ಅಂದರೆ ಆಗ ಮತ್ತೆ ಲೆಕ್ಕ ಹಾಕಿ.

ಹಾಗಾದ್ರೆ ಎಷ್ಟು ಯೂನಿಟ್ ಬಳಸೋರಿಗೆ ಇದು ಸರಿ?

ನನ್ನ ಅಭಿಪ್ರಾಯ ಕೇಳಿದರೆ, ವರ್ಷಪೂರ್ತಿ 250 ಯೂನಿಟ್‌ಗಿಂತ ಜಾಸ್ತಿ ಬಳಸುವ ಮನೆ. ಲೆಕ್ಕ ಸರಳ. ನಮ್ಮ ರಾಜ್ಯದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತೆ. 3 ಕಿಲೋವ್ಯಾಟ್ ಹಾಕಿಸಿದರೆ ದಿನಕ್ಕೆ 12, ತಿಂಗಳಿಗೆ 350ರ ಆಸುಪಾಸು. ಯೂನಿಟ್‌ಗೆ ಸುಮಾರು 6 ರೂಪಾಯಿ, ಅದರ ಮೇಲೆ ಶೇ. 9 ತೆರಿಗೆ ಸೇರಿಸಿಕೊಂಡರೆ ಎಲ್ಲವನ್ನೂ ನೀವೇ ಬಳಸುವ ಮನೆಯಲ್ಲಿ ತಿಂಗಳಿಗೆ 2,000 ರೂಪಾಯಿಗಿಂತ ಸ್ವಲ್ಪ ಮೇಲೆ ಉಳಿಯುತ್ತೆ. ಖರ್ಚು ಸುಮಾರು 2 ಲಕ್ಷ, ಸಬ್ಸಿಡಿ ಕಳೆದರೆ ಒಂದೂಕಾಲು ಲಕ್ಷದ ಹತ್ತಿರ. ಅಂದರೆ ಹಾಕಿದ ದುಡ್ಡು ಐದು ವರ್ಷದಲ್ಲಿ ವಾಪಸ್.

ಬಿಲ್‌ನಲ್ಲಿರುವ ನಿಗದಿತ ಶುಲ್ಕ ಮಾತ್ರ ಹಾಗೇ ಉಳಿಯುತ್ತೆ. "ಬಿಲ್ ಪೂರಾ ಸೊನ್ನೆ" ಅನ್ನುವ ಮಾತನ್ನು ನಂಬಬೇಡಿ.

ಜಾಸ್ತಿ ಹಾಕಿಸಿ ಕರೆಂಟ್ ಮಾರಿ ದುಡ್ಡು ಮಾಡಬಹುದಂತೆ?

ಸುಮ್ನೆ ಆಸೆ. ನೆಟ್ ಮೀಟರಿಂಗ್‌ನಲ್ಲಿ ಹಗಲು ನೀವು ಲೈನಿಗೆ ಬಿಟ್ಟ ಯೂನಿಟ್ಟು ರಾತ್ರಿ ತೆಗೆದುಕೊಂಡ ಯೂನಿಟ್ಟಿಗೆ ವಜಾ ಆಗುತ್ತೆ, ಅದು ನಿಜಕ್ಕೂ ಲಾಭ. ಅದಕ್ಕೂ ಮೀರಿ ಉಳಿದದ್ದಕ್ಕೆ ಸಿಗುವುದು ವಿದ್ಯುತ್ ನಿಯಂತ್ರಣ ಆಯೋಗ ನಿಗದಿ ಮಾಡಿದ ದರ. ಅದು ನೀವು ಕೊಳ್ಳುವ ದರಕ್ಕಿಂತ ಬಹಳ ಕಡಿಮೆ, ಸಬ್ಸಿಡಿ ಪಡೆದವರಿಗೆ ಇನ್ನೂ ಕಡಿಮೆ. ಬಳಕೆ ಎಷ್ಟೋ ಅಷ್ಟಕ್ಕೆ ಹಾಕಿಸಿ. ಹಿಂದಿನ 12 ತಿಂಗಳ ಬಿಲ್‌ನಲ್ಲಿರುವ ಯೂನಿಟ್ ಕೂಡಿಸಿ 1,400ರಿಂದ ಭಾಗಿಸಿದರೆ ಎಷ್ಟು ಕಿಲೋವ್ಯಾಟ್ ಬೇಕು ಅನ್ನುವುದು ಹೆಚ್ಚು ಕಡಿಮೆ ಸಿಗುತ್ತೆ.

ನಮ್ಮ ಬಿಲ್ ಜಾಸ್ತಿ ಬರೋದೇ ಗೀಸರ್‌ನಿಂದ.

ಹಾಗಿದ್ದರೆ ಮೊದಲು ಸೋಲಾರ್ ವಾಟರ್ ಹೀಟರ್ ಹಾಕಿಸಿ. ಖರ್ಚು ಕಡಿಮೆ, ಜಾಗವೂ ಕಡಿಮೆ. ಆಮೇಲೆ ಆರು ತಿಂಗಳ ಬಿಲ್ ನೋಡಿಕೊಂಡು ಪ್ಯಾನೆಲ್ ವಿಚಾರ ಮಾಡಿ.

## ಜಾಗ, ಬಿಸಿಲು, ನೆರಳು

30×40 ಸೈಟು. ತಾರಸಿ ಸಾಕಾಗುತ್ತಾ?

ಒಂದು ಕಿಲೋವ್ಯಾಟ್‌ಗೆ ನೆರಳಿಲ್ಲದ 100 ಚದರ ಅಡಿ ಅಂತ ಇಟ್ಟುಕೊಳ್ಳಿ. 3 ಕಿಲೋವ್ಯಾಟ್‌ಗೆ 300. ಈಗಿನ 550 ವ್ಯಾಟ್ ಪ್ಯಾನೆಲ್ ಒಂದೊಂದೂ ಏಳೂವರೆ ಅಡಿ ಉದ್ದ, ಮೂರೂಮುಕ್ಕಾಲು ಅಡಿ ಅಗಲ ಇರುತ್ತೆ, ಆರು ಸಾಕು. ಸುತ್ತ ಓಡಾಡಲು, ತೊಳೆಯಲು ಜಾಗ ಬಿಟ್ಟರೆ ಲೆಕ್ಕ ಸರಿಯಾಗುತ್ತೆ. 30×40 ಸೈಟಿನ ತಾರಸಿಯಲ್ಲಿ ಇಷ್ಟು ಜಾಗ ಇದ್ದೇ ಇರುತ್ತೆ. ಆದರೆ ಮೆಟ್ಟಿಲಿನ ಹೆಡ್ ರೂಮ್, ನೀರಿನ ಟ್ಯಾಂಕ್, ವಾಟರ್ ಹೀಟರ್, ಬಟ್ಟೆ ಒಣಗಿಸುವ ತಂತಿ ಎಲ್ಲ ಕಳೆದು, ಅವುಗಳ ನೆರಳನ್ನೂ ಕಳೆದ ಮೇಲೆ ಉಳಿಯುವುದೇ ನಿಜವಾದ ಜಾಗ. ಟೇಪ್ ಹಿಡಿದು ಅಳೆಯಿರಿ, ಕಣ್ಣಂದಾಜು ಬೇಡ.

ನಮ್ಮ ಮನೆ ಉತ್ತರಕ್ಕೆ ಮುಖ ಮಾಡಿದೆ, ಸೋಲಾರ್ ಆಗಲ್ವಾ?

ಬಾಗಿಲು ಯಾವ ದಿಕ್ಕಿಗಿದ್ದರೂ ಪ್ಯಾನೆಲ್‌ಗೆ ಸಂಬಂಧ ಇಲ್ಲ. ಸಮತಟ್ಟಾದ ಆರ್‌ಸಿಸಿ ತಾರಸಿ ಇದ್ದರೆ ಪ್ಯಾನೆಲನ್ನು ಬೇಕಾದ ಕಡೆ ತಿರುಗಿಸಿ ನಿಲ್ಲಿಸಬಹುದು. ದಕ್ಷಿಣಕ್ಕೆ ಮುಖ, 10ರಿಂದ 15 ಡಿಗ್ರಿ ಓರೆ, ಅಷ್ಟೇ.

ಕಲಬುರಗಿ ಬಿಸಿಲು ನಿಮಗೆ ಗೊತ್ತೇ ಇದೆ. ಬೆಂಗಳೂರಿಗಿಂತ ಡಬಲ್ ಬರಬೇಕಲ್ವಾ?

ಬರಲ್ಲ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಶಾಖ ಅಲ್ಲ. ಪ್ಯಾನೆಲ್‌ನ ಉಷ್ಣಾಂಶ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇ. 0.35ರ ಆಸುಪಾಸು ಉತ್ಪಾದನೆ ಇಳಿಯುತ್ತೆ. ಮೇ ತಿಂಗಳ ಮಧ್ಯಾಹ್ನ ಕಲಬುರಗಿ, ರಾಯಚೂರಲ್ಲಿ ಪ್ಯಾನೆಲ್ 65 ಡಿಗ್ರಿ ಮುಟ್ಟಿದರೆ ಶೇ. 14ರಷ್ಟು ಅಲ್ಲೇ ಹೋಯಿತು. ಆದರೂ ಮೋಡ ಕಡಿಮೆ ಇರುವುದರಿಂದ ವರ್ಷದ ಒಟ್ಟು ಲೆಕ್ಕದಲ್ಲಿ ನಿಮ್ಮ ಕಡೆ ಚೆನ್ನಾಗೇ ಬರುತ್ತೆ. ಪ್ಯಾನೆಲ್ ಮತ್ತು ತಾರಸಿ ನಡುವೆ ಗಾಳಿಯಾಡಲು ಜಾಗ ಬಿಡಿಸಿ. ಪ್ಯಾನೆಲ್ ನೆರಳಿಗೆ ಕೆಳಗಿನ ಕೋಣೆ ಸ್ವಲ್ಪ ತಂಪಾಗುತ್ತೆ, ಅದೊಂದು ಬಿಟ್ಟಿ ಲಾಭ.

ಮಲೆನಾಡಲ್ಲಿ ನಾಲ್ಕು ತಿಂಗಳು ಸೂರ್ಯನೇ ಕಾಣಲ್ಲ. ದುಡ್ಡು ದಂಡ ಅಲ್ವಾ?

ಪೂರ್ತಿ ದಂಡ ಅಲ್ಲ, ಆದರೆ ಬಯಲುಸೀಮೆಯ ಲೆಕ್ಕ ನಿಮಗೆ ನಡೆಯಲ್ಲ. ಮೋಡದ ದಿನವೂ ಸ್ವಲ್ಪ ಕರೆಂಟ್ ಬರುತ್ತೆ, ಆದರೆ ಜಡಿಮಳೆಯ ಜುಲೈನಲ್ಲಿ ಮಾರ್ಚ್‌ನ ಅರ್ಧ ಬಂದರೆ ಪುಣ್ಯ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಕಡೆ ಮಾರುವವರು ಯಾರಾದರೂ ಬಂದು "ದಿನಕ್ಕೆ 4 ಯೂನಿಟ್ ಗ್ಯಾರಂಟಿ" ಅಂದರೆ ಅವರಿಗೆ ಕಾಫಿ ಕೊಟ್ಟು ಕಳಿಸಿ. ಮೂರು ಅಥವಾ ಮೂರೂಕಾಲು ಯೂನಿಟ್ ಹಿಡಿದು ಲೆಕ್ಕ ಹಾಕಿ. ಆಗಲೂ ದುಡ್ಡು ಆರೇಳು ವರ್ಷದಲ್ಲಿ ಹುಟ್ಟಿದರೆ ಮುಂದುವರಿಯಿರಿ.

ನೆರಳು ಬೀಳುತ್ತೋ ಇಲ್ವೋ ನಾವೇ ತಿಳಿಯೋದು ಹೇಗೆ?

ಸೈಟ್ ನೋಡಲು ಬರುವವರು ಹತ್ತು ನಿಮಿಷ ಇದ್ದು ಹೋಗುತ್ತಾರೆ. ವರ್ಷಪೂರ್ತಿ ಅಲ್ಲಿ ಇರುವವರು ನೀವು. ಹಾಗಾಗಿ ಈ ಕೆಲಸ ನಿಮ್ಮದೇ.

ಡಿಸೆಂಬರ್‌ನಲ್ಲಿ ನೋಡುವುದು ಒಳ್ಳೇದು, ಯಾಕಂದರೆ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಅತಿ ಉದ್ದ ಬೀಳುವುದು ಆಗಲೇ. ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 3 ಗಂಟೆಗೆ ತಾರಸಿಗೆ ಹೋಗಿ ನೆರಳಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಫೋಟೋ ತೆಗೆಯಿರಿ. ಮೂರೂ ಹೊತ್ತಿನಲ್ಲಿ ಬಿಸಿಲು ಬಿದ್ದ ಜಾಗವೇ ಪ್ಯಾನೆಲ್ ಜಾಗ.

ಡಿಸೆಂಬರ್‌ವರೆಗೆ ಕಾಯಲು ಆಗಲ್ಲ ಅಂದರೆ ಅಂದಾಜಿಗೆ ಹೀಗೆ ಮಾಡಿ. ಬೆಂಗಳೂರು, ಮಂಗಳೂರು, ಹಾಸನ ಎಲ್ಲ 13 ಡಿಗ್ರಿ ಅಕ್ಷಾಂಶದ ಹತ್ತಿರ ಇವೆ. ಅಲ್ಲಿ ಡಿಸೆಂಬರ್ ಕೊನೆಯ ನಡು ಮಧ್ಯಾಹ್ನ ನೆರಳಿನ ಉದ್ದ ವಸ್ತುವಿನ ಎತ್ತರದ ಮುಕ್ಕಾಲು ಭಾಗ, ಬೆಳಿಗ್ಗೆ 9 ಗಂಟೆ ಹೊತ್ತಿಗೆ ಹೆಚ್ಚು ಕಡಿಮೆ ಒಂದೂಮುಕ್ಕಾಲರಿಂದ ಎರಡು ಪಟ್ಟು. ಅಂದರೆ 10 ಅಡಿ ಎತ್ತರದ ಹೆಡ್ ರೂಮ್ ಬೆಳಿಗ್ಗೆ 18ರಿಂದ 20 ಅಡಿ ದೂರದವರೆಗೆ ನೆರಳು ಚಾಚುತ್ತೆ. ಬೀದರ್, ವಿಜಯಪುರ ಕಡೆ ಇನ್ನೊಂದಿಷ್ಟು ಉದ್ದ.

ಏಪ್ರಿಲ್ ಕೊನೆಯಲ್ಲಂತೂ ನೋಡಲೇಬೇಡಿ. ಏಪ್ರಿಲ್ 24ರ ಹೊತ್ತಿಗೆ ಬೆಂಗಳೂರಲ್ಲಿ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಮಧ್ಯಾಹ್ನ ನೆರಳೇ ಇರಲ್ಲ. ಆಗ ಯಾವ ತಾರಸಿಯೂ ಚೆನ್ನಾಗೇ ಕಾಣುತ್ತೆ.

ಟ್ಯಾಂಕ್ ನೆರಳು ಬೀಳೋದು ಒಂದು ಪ್ಯಾನೆಲ್ ಮೂಲೆಗೆ ಮಾತ್ರ. ಅಷ್ಟಕ್ಕೆ ತಲೆ ಕೆಡಿಸ್ಕೋಬೇಕಾ?

ಕೆಡಿಸಿಕೊಳ್ಳಬೇಕು. ಪ್ಯಾನೆಲ್‌ಗಳನ್ನು ಸಾಲಾಗಿ ಒಂದಕ್ಕೊಂದು ಜೋಡಿಸಿರುತ್ತಾರೆ, ಎಲ್ಲದರಲ್ಲೂ ಒಂದೇ ಕರೆಂಟ್ ಹರಿಯಬೇಕು. ಒಂದು ಕಡೆ ನೆರಳು ಬಿದ್ದರೆ ಒಂದೇ ಪೈಪಿನಲ್ಲಿ ಒಂದು ಕಡೆ ಕಸ ಕಟ್ಟಿದ ಹಾಗೆ. ಪ್ಯಾನೆಲ್ ಒಳಗಿನ ಬೈಪಾಸ್ ಡಯೋಡ್‌ಗಳು ನಷ್ಟವನ್ನು ತಕ್ಕಮಟ್ಟಿಗೆ ತಡೆಯುತ್ತವೆ. ಆದರೂ ಮೂಲೆಯ ನೆರಳಿಗೆ ಪ್ಯಾನೆಲ್‌ನ ಮೂರನೇ ಒಂದು ಭಾಗ ಹೋಗಬಹುದು.

ನಮ್ಮಲ್ಲಿ ಇದಕ್ಕೊಂದು ಸ್ಪೆಷಲ್ ಕಾರಣ ಇದೆ. ವಾಸ್ತು ನೋಡಿ ಓವರ್‌ಹೆಡ್ ಟ್ಯಾಂಕನ್ನು ನೈಋತ್ಯ ಮೂಲೆಗೇ ಇಡುವುದು. ಚಳಿಗಾಲದಲ್ಲಿ ಮಧ್ಯಾಹ್ನ ಎರಡರ ನಂತರ ಸೂರ್ಯ ಇರುವುದೂ ಅದೇ ಕಡೆ, ಹಾಗಾಗಿ ಟ್ಯಾಂಕಿನ ನೆರಳು ಇಡೀ ತಾರಸಿಗೆ ಅಡ್ಡವಾಗಿ ಬೀಳುತ್ತೆ. ಹೊಸ ಮನೆ ಕಟ್ಟುವವರು ಈಗಲೇ ಯೋಚಿಸಿ. ವಾಸ್ತು ಬಿಡಲು ಮನೆಯವರು ಒಪ್ಪದಿದ್ದರೆ ಟ್ಯಾಂಕ್ ಅಲ್ಲೇ ಇರಲಿ, ಎತ್ತರದ ಸ್ಟ್ಯಾಂಡ್ ಬದಲು ತಗ್ಗಾದ, ಅಗಲದ ಟ್ಯಾಂಕ್ ಇಡಿ. ಇಲ್ಲವೇ ಪ್ಯಾನೆಲನ್ನು ಹೆಡ್ ರೂಮ್ ಮೇಲೆ, ಟ್ಯಾಂಕಿಗಿಂತ ಎತ್ತರದಲ್ಲಿ ಕೂರಿಸಿ.

ಪಕ್ಕದ ಸೈಟ್ ಖಾಲಿ. ನಾಳೆ ಅವರು ಮೂರು ಮಹಡಿ ಎಬ್ಬಿಸಿದ್ರೆ?

ಬೆಂಗಳೂರಿನ ಬಡಾವಣೆಗಳಲ್ಲಿ ಇದೇ ದೊಡ್ಡ ತಲೆನೋವು. ಅವರನ್ನು ತಡೆಯುವುದು ಆಗದ ಮಾತು. ಖಾಲಿ ಸೈಟ್ ಉತ್ತರಕ್ಕಿದ್ದರೆ ಚಿಂತೆ ಇಲ್ಲ. ಪೂರ್ವಕ್ಕೋ ಪಶ್ಚಿಮಕ್ಕೋ ಇದ್ದರೆ ದಿನದ ಒಂದು ಪಾಲು ಹೋಗುತ್ತೆ. ದಕ್ಷಿಣಕ್ಕಿದ್ದು, ನಿಮ್ಮದು ಒಂದೇ ಅಂತಸ್ತಿನ ಮನೆ ಆಗಿದ್ದರೆ ಈಗ ಹಾಕಿಸುವ ಮೊದಲು ಎರಡು ಸಲ ಯೋಚಿಸಿ. ನಿಮಗೇ ಮೇಲೊಂದು ಮಹಡಿ ಕಟ್ಟುವ ಆಲೋಚನೆ ಇದ್ದರೂ ಅಷ್ಟೇ, ಬಿಚ್ಚಿ ಮತ್ತೆ ಕೂರಿಸುವ ಖರ್ಚು ಸಣ್ಣದಲ್ಲ.

ತೆಂಗಿನ ಮರ ಕಡಿಸಿಬಿಡೋಣ್ವಾ?

ಬೇಡ. ನೆರಳು ಬಿದ್ದರೆ ಪ್ಯಾನೆಲ್ ಜಾಗ ಬದಲಿಸಿ. ಮರದ ಕೆಳಗೆ ಮಾತ್ರ ಇಡಬೇಡಿ, ಪ್ಯಾನೆಲ್ ಗಾಜು ಆಲಿಕಲ್ಲು ತಡೆಯುತ್ತೆ, ತೆಂಗಿನಕಾಯಿ ತಡೆಯಲ್ಲ.

## ಸೂರು ಎಂಥದ್ದು?

ಹಳೇ ತಾರಸಿ ಭಾರ ತಡೆಯುತ್ತಾ? ಸೋರೋಕೆ ಶುರುವಾದ್ರೆ?

ಪ್ಯಾನೆಲ್, ಸ್ಟ್ಯಾಂಡ್ ಸೇರಿ ಚದರ ಮೀಟರ್‌ಗೆ 15-20 ಕಿಲೋ. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರ್‌ಗೆ 150 ಕಿಲೋ ಹೊರುವ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಹಾಗಾಗಿ ಗಟ್ಟಿಯಾದ ಆರ್‌ಸಿಸಿಗೆ ಭಾರ ಸಮಸ್ಯೆಯೇ ಅಲ್ಲ. ಸಮಸ್ಯೆ ಗಾಳಿ. ಪ್ಯಾನೆಲ್ ಅಡಿ ನುಗ್ಗಿದ ಗಾಳಿ ಅದನ್ನು ಮೇಲಕ್ಕೆ ಎತ್ತುತ್ತೆ. ಗದಗ, ಚಿತ್ರದುರ್ಗದ ಕಡೆ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲವಲ್ಲ.

ಸೋರಿಕೆ ಬರುವುದು ಬೋಲ್ಟ್ ತೂತಿನಿಂದ. ತಾರಸಿಗೆ ಡ್ರಿಲ್ ಮಾಡುವ ಬದಲು ಕಾಂಕ್ರೀಟ್ ಪೆಡೆಸ್ಟಲ್ ಹಾಕಿಸಿ ಅದರಲ್ಲಿ ಕಾಲು ನಿಲ್ಲಿಸಬಹುದು. ಈಗಾಗಲೇ ತೇವ ಕಾಣುತ್ತಿದೆ, ಒಳಗೆ ಕಬ್ಬಿಣ ಕಾಣುತ್ತಿದೆ ಅಂದರೆ ಮೊದಲು ತಾರಸಿ ರಿಪೇರಿ.

ಮಂಗಳೂರು ಹೆಂಚಿನ ಮನೆ ನಮ್ಮದು. ಆಗುತ್ತಾ?

ಆಗುತ್ತೆ, ಆದರೆ ನಾನು ಪ್ರೋತ್ಸಾಹಿಸಲ್ಲ. ಹೆಂಚಿನ ಮೇಲೆ ಏನನ್ನೂ ಕಟ್ಟುವಂತಿಲ್ಲ. ಹೆಂಚು ಸರಿಸಿ, ಕೆಳಗಿನ ಪಕಾಸಿಗೆ ಕೊಕ್ಕೆ ಬಿಗಿದು ಅದರ ಮೇಲೆ ಪಟ್ಟಿ ಕೂರಿಸಬೇಕು. ಪಕಾಸಿಗೆ ಗೆದ್ದಲು ಹಿಡಿದಿದ್ದರೆ ಅಲ್ಲಿಗೆ ಮುಗಿಯಿತು. ಪ್ರತಿ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು ಇದ್ದದ್ದೇ ಅಲ್ವಾ, ಮೇಲೆ ಪ್ಯಾನೆಲ್ ಇದ್ದರೆ ಅದೂ ಕಷ್ಟ.

ಇಳಿಜಾರಿನ ದಿಕ್ಕೂ ನೋಡಿ. ದಕ್ಷಿಣಕ್ಕೆ ಇಳಿದ ಮಾಡು ಒಳ್ಳೇದು. ಉತ್ತರಕ್ಕೆ ಇಳಿದದ್ದಕ್ಕೆ ಏಪ್ರಿಲ್ ಕೊನೆಯಿಂದ ಆಗಸ್ಟ್‌ವರೆಗೆ ಸೂರ್ಯ ಅನುಕೂಲವಾಗಿರುತ್ತಾನೆ, ಆದರೆ ಕರಾವಳಿಯಲ್ಲಿ ಅದರಲ್ಲಿ ಮುಕ್ಕಾಲು ಪಾಲು ಮಳೆಗಾಲ!

ಇಂಥ ಮನೆಗಳಿಗೆ ಅಂಗಳವೇ ಉತ್ತಮ. ಅಡಿಕೆ ಒಣಗಿಸುವ ಅಂಗಳದ ಅಂಚಿನಲ್ಲೋ, ಕೊಟ್ಟಿಗೆಯ ಶೀಟಿನ ಮೇಲೋ ಜಾಗ ಇರುತ್ತೆ. ತೋಟದ ನೆರಳಿನಿಂದ ದೂರ ಇದ್ದರೆ ಸಾಕು.

ಮಳೆ ಅಂತ ತಾರಸಿ ಮೇಲೆ ಶೀಟ್ ಹಾಕಿಸಿದೀವಿ. ಅದ್ರ ಮೇಲೇ ಹಾಕಬಹುದಾ?

ಹಾಕಬಹುದು. ದಕ್ಷಿಣ ಕನ್ನಡ, ಉಡುಪಿಯಲ್ಲಿ ಬಹಳ ಮನೆಗಳು ಹೀಗೇ ಇವೆ. ಅಲ್ಯೂಮಿನಿಯಂ ರೈಲನ್ನು ಶೀಟಿನ ಉಬ್ಬಿನ ಮೇಲೆ ಕೂರಿಸಿ ರಬ್ಬರ್ ವಾಷರ್ ಹಾಕಿ ಬಿಗಿಯುತ್ತಾರೆ. ಪ್ರಶ್ನೆ ಕೆಳಗಿನ ಕಬ್ಬಿಣದ್ದು. ಬರೀ ಶೀಟ್ ಹೊರಲು ಅಂತ ತೆಳು ಪೈಪಿನಲ್ಲಿ ಮಾಡಿಸಿದ್ದರೆ, ಉಪ್ಪುಗಾಳಿಗೆ ಬುಡ ತುಕ್ಕು ಹಿಡಿದಿದ್ದರೆ ಬೇಡ. ವೆಲ್ಡರ್ ಕರೆಸಿ ಒಂದು ಸಲ ನೋಡಿಸಿ. ಆಸ್ಬೆಸ್ಟಾಸ್ ಶೀಟಿಗೆ ಮಾತ್ರ ಕೈ ಹಾಕಬೇಡಿ, ಬಿರುಕು ಬಿಡುತ್ತೆ, ಕೊರೆದಾಗ ಏಳುವ ಧೂಳೂ ಅಪಾಯ.

ಮದ್ರಾಸ್ ಟೆರೇಸ್ ಇರೋ ಹಳೇ ಮನೆ, ಉತ್ತರ ಕರ್ನಾಟಕದ ಮಾಳಿಗಿ ಮನಿ, ಇವಕ್ಕೆ?

ಸೂರಿನ ಮೇಲೆ ಬೇಡ. ಮರದ ತೊಲೆ ಮೇಲೆ ನಿಂತ ಸೂರಿಗೆ ಎಲ್ಲೆಂದರಲ್ಲಿ ಕಾಲು ಊರುವಂತಿಲ್ಲ. ಹಿತ್ತಲಲ್ಲಿ ನೆಲದ ಮೇಲೆ ಸ್ಟ್ಯಾಂಡ್ ನಿಲ್ಲಿಸಿ.

ಹಪ್ಪಳ, ಸಂಡಿಗೆ ಒಣಗಿಸೋಕೆ ತಾರಸಿ ಬೇಕೇಬೇಕು ಅಂತಾರೆ ನಮ್ಮತ್ತೆ.

ಅತ್ತೆ ಹೇಳುವುದೂ ಸರಿಯೇ. ಏಳೆಂಟು ಅಡಿ ಎತ್ತರದ ಸ್ಟ್ಯಾಂಡ್ ಮಾಡಿಸಿದರೆ ಕೆಳಗೆ ಓಡಾಡಬಹುದು, ಅಂಚಿನಲ್ಲಿ ಬಿಸಿಲೂ ಸಿಗುತ್ತೆ. ಖರ್ಚು ಜಾಸ್ತಿ. ತಗ್ಗಿನದಕ್ಕಿಂತ ಗಾಳಿ ಹೊಡೆತವೂ ಜಾಸ್ತಿ, ಆದ್ದರಿಂದ ಗಾಲ್ವನೈಸ್ ಮಾಡಿದ ದಪ್ಪ ಪೈಪೇ ಬೇಕು, ಪೇಂಟ್ ಬಳಿದ ಕಬ್ಬಿಣ ಬೇಡ.

## ಲೈನು, ಮೀಟರು, ಕಾಗದ

ಕರೆಂಟ್ ಹೋದಾಗ ಸೋಲಾರ್ ಇದ್ರೂ ಕತ್ತಲೇನಾ?

ಆನ್‌ಗ್ರಿಡ್, ಅಂದರೆ ಬ್ಯಾಟರಿ ಇಲ್ಲದೆ ನೇರ ಲೈನಿಗೆ ಜೋಡಿಸಿದ್ದು ಆದರೆ ಹೌದು. ಲೈನ್ ಸತ್ತ ತಕ್ಷಣ ಇನ್ವರ್ಟರ್ (ಪ್ಯಾನೆಲ್‌ನ ಕರೆಂಟನ್ನು ಮನೆ ಬಳಸುವ ಕರೆಂಟ್ ಆಗಿ ಬದಲಿಸುವ ಪೆಟ್ಟಿಗೆ) ತಾನೇ ನಿಲ್ಲುತ್ತೆ. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಿಮ್ಮ ಮನೆ ಕರೆಂಟ್ ಹೊಡೆಯುತ್ತೆ. ಮನೆಯಲ್ಲಿ ಈಗಾಗಲೇ ಯುಪಿಎಸ್ ಇದ್ದರೆ ಅದನ್ನು ಹಾಗೇ ಇಟ್ಟುಕೊಳ್ಳಿ, ಲೈಟು ಫ್ಯಾನಿಗೆ ಸಾಕು. ಹಗಲೇ ಗಂಟೆಗಟ್ಟಲೆ ಕರೆಂಟ್ ಇಲ್ಲದ ಹಳ್ಳಿಯಾದರೆ ಎರಡು ಕಡೆ ನಷ್ಟ: ನಿಮಗೂ ಇಲ್ಲ, ಆ ಹೊತ್ತಿನ ಉತ್ಪಾದನೆಯೂ ಇಲ್ಲ. ಅಲ್ಲಿ ಬ್ಯಾಟರಿ ಇರುವ ಹೈಬ್ರಿಡ್ ನೋಡಿ, ಖರ್ಚು ಹೆಚ್ಚಾದರೂ ಪರವಾಗಿಲ್ಲ.

ಆರ್‌ಆರ್ ನಂಬರ್ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆ.

ಮೊದಲು ಹೆಸರು ಬದಲಾಯಿಸಿ. ಅರ್ಜಿ ಹಾಕುವವರ ಹೆಸರು, ಬಿಲ್‌ನಲ್ಲಿರುವ ಹೆಸರು, ಸಬ್ಸಿಡಿ ಬರುವ ಬ್ಯಾಂಕ್ ಖಾತೆಯ ಹೆಸರು ಹೊಂದದಿದ್ದರೆ ಫೈಲ್ ಅಲ್ಲೇ ನಿಲ್ಲುತ್ತೆ. ಅಣ್ಣತಮ್ಮಂದಿರ ನಡುವೆ ಮನೆ ಇನ್ನೂ ಪಾಲಾಗಿಲ್ಲ, ತಾರಸಿ ಯಾರದ್ದು ಅಂತ ಇತ್ಯರ್ಥ ಆಗಿಲ್ಲ ಅಂದರೆ ಅದನ್ನು ಮುಗಿಸಿಕೊಂಡು ಬನ್ನಿ.

ಸಬ್ಸಿಡಿ ನಿಜವಾಗಿ ಎಷ್ಟು?

2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000. ಒಟ್ಟು 78,000. 5 ಹಾಕಿಸಿದರೂ ಅಷ್ಟೇ. ಪ್ಯಾನೆಲ್ ಭಾರತದಲ್ಲೇ ಮಾಡಿದ ಸೆಲ್‌ನದ್ದಾಗಿರಬೇಕು. ದುಡ್ಡು ಕೆಲಸ ಮುಗಿದು, ಮೀಟರ್ ಕೂತು, ತಪಾಸಣೆ ಆದ ಮೇಲೆ ಖಾತೆಗೆ ಬರುತ್ತೆ, ಮೊದಲು ನೀವು ಹೊಂದಿಸಬೇಕು.

ಮಂಜೂರಾದ ಲೋಡ್ 2 ಕಿಲೋವ್ಯಾಟ್. 3ರದ್ದು ಹಾಕಿಸಬಹುದಾ?

ಹಾಕಿಸಬಹುದು, ಲೋಡ್ ಹೆಚ್ಚಿಸಬೇಕಾಗುತ್ತೆ. ಕೇಂದ್ರದ 2024ರ ತಿದ್ದುಪಡಿ ನಿಯಮದ ಪ್ರಕಾರ 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ಬೇರೆ ತಾಂತ್ರಿಕ ಅಧ್ಯಯನ ಬೇಡ. ಆದರೆ ನಿಗದಿತ ಶುಲ್ಕ ಹಾಕುವುದು ಮಂಜೂರಾದ ಕಿಲೋವ್ಯಾಟ್ ಮೇಲೆ. ಸುಮ್ನೆ ದೊಡ್ಡದು ಹಾಕಿಸಿದರೆ ಅದನ್ನೂ ಪ್ರತಿ ತಿಂಗಳು ಕಟ್ಟುತ್ತಿರಬೇಕು.

ಅಪಾರ್ಟ್‌ಮೆಂಟಲ್ಲಿ ನಮ್ಮ ಫ್ಲ್ಯಾಟಿಗೆ ಮಾತ್ರ ಹಾಕಿಸ್ಕೋಬಹುದಾ?

ತಾರಸಿ ಎಲ್ಲರದ್ದು, ಸಂಘದ ಒಪ್ಪಿಗೆ ಬೇಕು. ಅದಕ್ಕಿಂತ ಲಿಫ್ಟ್, ನೀರಿನ ಪಂಪು, ಮೆಟ್ಟಿಲ ದೀಪದ ಮೀಟರ್‌ಗೆ ಸಂಘದಿಂದಲೇ ಹಾಕಿಸುವುದು ಜಗಳವಿಲ್ಲದ ದಾರಿ. ಅದಕ್ಕೂ ಕಿಲೋವ್ಯಾಟ್‌ಗೆ 18,000 ಸಬ್ಸಿಡಿ ಇದೆ.

## ಸ್ವಲ್ಪ ಆಳಕ್ಕೆ

ಪಕ್ಕದ ಮನೆಯವರದ್ದು ಮಧ್ಯಾಹ್ನ ಆಗಾಗ ಟ್ರಿಪ್ ಆಗುತ್ತಂತೆ. ನಮಗೂ ಹಾಗೇ ಆಗುತ್ತಾ?

ಆಗಬಹುದು, ಇದನ್ನು ಮೊದಲೇ ಪರೀಕ್ಷಿಸುವವರು ಕಡಿಮೆ. ಇನ್ವರ್ಟರ್ ಕರೆಂಟನ್ನು ಲೈನಿಗೆ ತಳ್ಳಬೇಕಾದರೆ ಲೈನ್‌ಗಿಂತ ಸ್ವಲ್ಪ ಹೆಚ್ಚು ವೋಲ್ಟೇಜ್ ಮಾಡಬೇಕು. ಲೈನೇ 250 ದಾಟಿದ್ದರೆ ಅದು ಇನ್ನೂ ಏರಿ, ಮಿತಿ ಮೀರಿ ಇನ್ವರ್ಟರ್ ಆಫ್ ಆಗುತ್ತೆ. ಅದೂ ಬಿಸಿಲು ಜೋರಾಗಿರುವ ಹೊತ್ತಿಗೇ. ಒಂದು ವಾರ ಮಧ್ಯಾಹ್ನ 12ರಿಂದ 2ರೊಳಗೆ ವೋಲ್ಟೇಜ್ ಬರೆದಿಡಿ. ಪದೇ ಪದೇ 250ರ ಮೇಲಿದ್ದರೆ ಸೆಕ್ಷನ್ ಆಫೀಸಿಗೆ ಬರವಣಿಗೆಯಲ್ಲಿ ಕೊಟ್ಟು ಸರಿಮಾಡಿಸಿಕೊಳ್ಳಿ, ಆಮೇಲೆ ಹಾಕಿಸಿ. ಮೀಟರ್‌ನಿಂದ ಇನ್ವರ್ಟರ್‌ಗೆ ದಪ್ಪ ಕೇಬಲ್ ಎಳೆದರೂ ಸ್ವಲ್ಪ ಅನುಕೂಲ.

ದಕ್ಷಿಣಕ್ಕೆ ಜಾಗ ಇಲ್ಲ. ಅರ್ಧ ಪೂರ್ವಕ್ಕೆ, ಅರ್ಧ ಪಶ್ಚಿಮಕ್ಕೆ ಹಾಕಿದ್ರೆ?

ನಾವು ಭೂಮಧ್ಯರೇಖೆಗೆ ಹತ್ತಿರ ಇರುವುದರಿಂದ ಓರೆ 10 ಡಿಗ್ರಿಯೊಳಗಿದ್ದರೆ ನಷ್ಟ ಶೇ. 5ರ ಆಸುಪಾಸು. ಒಪ್ಪಿಕೊಳ್ಳಬಹುದು. ಎರಡು ದಿಕ್ಕಿನ ಪ್ಯಾನೆಲ್ ಒಂದೇ ಸಾಲಿಗೆ ಜೋಡಿಸಬಾರದು, ಎರಡು ಎಂಪಿಪಿಟಿ, ಅಂದರೆ ಎರಡು ಸಾಲನ್ನು ಬೇರೆ ಬೇರೆಯಾಗಿ ನಿಭಾಯಿಸುವ ವ್ಯವಸ್ಥೆ ಇರುವ ಇನ್ವರ್ಟರ್ ಕೇಳಿ. ನೆರಳು ತಪ್ಪಿಸಲು ಆಗದ ತಾರಸಿಗೆ ಪ್ರತಿ ಪ್ಯಾನೆಲ್‌ಗೂ ಮೈಕ್ರೋ ಇನ್ವರ್ಟರ್ ಇದೆ, ದುಬಾರಿ.

ನಮ್ಮದು ಮುರಕಲ್ಲಿನ ನೆಲ, ಸಿಡಿಲು ಜಾಸ್ತಿ. ಏನು ಮಾಡಬೇಕು?

ಅರ್ಥಿಂಗ್‌ಗೆ ದುಡ್ಡು ಉಳಿಸಬೇಡಿ. ಡಿಸಿ (ಪ್ಯಾನೆಲ್ ಕಡೆಯ ಕರೆಂಟ್), ಎಸಿ (ಮನೆ ಕಡೆಯ ಕರೆಂಟ್), ಮಿಂಚುನಿರೋಧಕ, ಮೂರಕ್ಕೂ ಬೇರೆ ಬೇರೆ ಗುಂಡಿ ಬೇಕು. ಮುರಕಲ್ಲು ಬೇಸಿಗೆಯಲ್ಲಿ ಒಣಗಿದಾಗ ಕರೆಂಟನ್ನು ಸರಿಯಾಗಿ ಭೂಮಿಗೆ ಇಳಿಸಲ್ಲ, ಆದ್ದರಿಂದ ಗುಂಡಿಗೆ ಬೆಂಟೊನೈಟ್‌ನಂಥ ತೇವ ಹಿಡಿಯುವ ಪುಡಿ ತುಂಬಿಸಿ, ಏಪ್ರಿಲ್‌ನಲ್ಲಿ ಅರ್ಥ್ ರೆಸಿಸ್ಟೆನ್ಸ್ ಅಳೆಸಿ. ಮನೆ ಸುತ್ತ ಗುಂಡಿಗೆ ಜಾಗವೇ ಇಲ್ಲ, ಎಲ್ಲ ಕಾಂಕ್ರೀಟ್ ಅಂದರೆ ಅದನ್ನು ಕೊಟೇಶನ್‌ಗೆ ಮೊದಲೇ ಹೇಳಿ.

ಮಂಗಗಳು?

ಅವು ಪ್ಯಾನೆಲ್ ಮೇಲೆ ಕೂತರೆ ಒಡೆಯಲ್ಲ. ಕೇಬಲ್ ಎಳೆದರೆ ಮಾತ್ರ ಕಷ್ಟ. ಎಲ್ಲ ವೈರೂ ಪೈಪಿನೊಳಗೆ ಹೋಗಲಿ, ಕೆಳಗೆ ನೇತಾಡುವುದು ಒಂದೂ ಇರಬಾರದು. ಬೆಂಗಳೂರಿನವರಿಗೆ ಮಂಗದ ಬದಲು ಪಾರಿವಾಳ, ಸುತ್ತ ಜಾಲರಿ ಹೊಡೆಸಿ.

ಬೋರ್‌ವೆಲ್ ನೀರಲ್ಲಿ ತೊಳೆದ್ರೆ ಬಿಳಿ ಕಲೆ ಉಳಿಯುತ್ತೆ. ಬೇರೆ ನೀರಿಲ್ಲ.

ಕೋಲಾರದ ಕಡೆಯವರ ಮಾಮೂಲು ದೂರು. ಗಡಸು ನೀರು ಬಿಸಿ ಗಾಜಿನ ಮೇಲೆ ಒಣಗಿದರೆ ಸುಣ್ಣ ಕಟ್ಟುತ್ತೆ. ಬೆಳಿಗ್ಗೆ ಸೂರ್ಯ ಏರುವ ಮೊದಲೇ ತೊಳೆದು ವೈಪರ್‌ನಲ್ಲಿ ನೀರು ಎಳೆದುಬಿಡಿ. ಮಳೆನೀರು ಹಿಡಿದಿಟ್ಟಿದ್ದರೆ ಅದನ್ನೇ ಬಳಸಿ. ಹದಿನೈದು ದಿನಕ್ಕೊಮ್ಮೆ ಸಾಕು. ಆದರೆ ಪ್ಯಾನೆಲ್‌ವರೆಗೆ ಕೈ ತಲುಪುವ ಹಾಗೆ ಜಾಗ ಬಿಡದೆ ಗೋಡೆಗೆ ಒತ್ತಿಕೊಂಡು ಕೂರಿಸಿದರೆ ತೊಳೆಯುವವರೇ ಇರಲ್ಲ. ನಕ್ಷೆ ಹಾಕುವಾಗಲೇ ಎರಡಡಿ ದಾರಿ ಬಿಡಿಸಿ.